ವಾರ್ತೆಗೆ ಸಹಿ ಹಾಕಿದವರು

ನೆವಾರ್ಕ್
13 ಫೆಬ್ರವರಿ 2024

ಶ್ರೀಮತಿ ಇಂದು ಅವರಿಗೆ,

ಹನ್ನೊಂದು ವರ್ಷ ನಿಮ್ಮನ್ನು ‘ನೀನು’ ಎಂದು ಕರೆದೆ. ಇನ್ನು ಮೇಲೆ ‘ನೀವು’. ಗೌರವ ಹೆಚ್ಚಾಯಿತೆಂದು ಹಿಗ್ಗಬೇಡಿ, ಗುರುತಿಲ್ಲದವರನ್ನೂ ಹಾಗೆಯೇ ಕರೆಯುತ್ತಾರೆ.

ನನ್ನ ಫೋನಿನಲ್ಲಿ ನಿಮ್ಮನ್ನು ಬ್ಲಾಕ್ ಮಾಡಿದ್ದೇನೆ. ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಿಂದ ಅದರ ಅಧ್ಯಕ್ಷರಾದ ನಿಮ್ಮ ಯಜಮಾನರು ನನ್ನನ್ನು ತೆಗೆದಿದ್ದಾರೆ. ಉಳಿದದ್ದು ಅಂಚೆ. ನೆವಾರ್ಕಿನಿಂದ ಕ್ಯುಪರ್ಟಿನೋಗೆ ಕಾರಿನಲ್ಲಿ ಅರ್ಧ ಗಂಟೆ, ಅಂಚೆಯಲ್ಲಿ ಮೂರು ದಿನ. ಈ ಮೂರು ದಿನದಲ್ಲಿ ನನ್ನ ಸಿಟ್ಟು ಆರುತ್ತದೆ ಎಂದುಕೊಂಡರೆ ಅದು ನಿಮ್ಮ ಭ್ರಮೆ.

ನಡೆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ, ಯಾಕೆಂದರೆ ಸಮಿತಿಯವರ ಬಾಯಲ್ಲಿ ಅದಕ್ಕೆ ಆಗಲೇ ಕೈಕಾಲು ಬಂದಿವೆ. ಕ್ಯಾಂಪ್‌ಬೆಲ್‌ನಲ್ಲಿ ನಾವಿಬ್ಬರೂ ಪಾಠ ಹೇಳುವ ಬಳಗದ ಶನಿವಾರದ ಕನ್ನಡ ಶಾಲೆಯಲ್ಲಿ ಮೊದಲ ದಿನದಿಂದ ಒಂದು ಪದ್ಧತಿ ಇದೆ. ವಾರಕ್ಕೊಂದು ಮಗು ರೇಡಿಯೋದವರ ಹಾಗೆ ಎದ್ದು ನಿಂತು ‘ವಾರ್ತೆಗಳು, ಓದುತ್ತಿರುವವರು ಇಂಥವರು’ ಎಂದು ಮೂರು ಸುದ್ದಿ ಓದಬೇಕು. ಮಗು ತಾನೇ ಬರೆಯಬೇಕು. ತರಗತಿಗೆ ಮೊದಲು ನೀವು ಕಾಗುಣಿತ ನೋಡಿ, ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ, ಸಹಿ ಮಾಡಬೇಕು. ಸಹಿ ಇಲ್ಲದ ವಾರ್ತೆಯನ್ನು ಓದುವಂತಿಲ್ಲ. ಗದಗಿನ ಹೈಸ್ಕೂಲಿನಲ್ಲಿ ನಾನು ಮೂವತ್ತು ವರ್ಷ ನಡೆಸಿದ ಪದ್ಧತಿ ಇದು. ಇಲ್ಲಿ ನನ್ನ ಮೊಮ್ಮಗಳು ಅಲ್ಫಿಯಾಳಿಗೂ ಅದರಿಂದ ವಿನಾಯಿತಿ ಇಲ್ಲ.

ಈ ತಿಂಗಳ ಮೂರನೇ ತಾರೀಖು ಅಲ್ಫಿಯಾಳ ಸರದಿ. ಒಂಬತ್ತು ವರ್ಷದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಒಂದು ವಾರ ಕೂತು ಬರೆದಳು. ‘ಗಾಜಾದಲ್ಲಿ ತುಂಬಾ ಮಕ್ಕಳಿಗೆ ಮನೆ ಇಲ್ಲ, ಅವರು ಶಾಲೆಯಲ್ಲಿ ಮಲಗುತ್ತಾರೆ. ಇಸ್ರೇಲಿನಲ್ಲಿ ಕೆಲವು ಅಮ್ಮಂದಿರು ನಮ್ಮ ಮಕ್ಕಳನ್ನು ಬಿಟ್ಟುಬಿಡಿ ಎಂದು ಅಳುತ್ತಿದ್ದಾರೆ. ನಾಳೆ ನಮ್ಮ ಊರಿನಲ್ಲಿ ಜೋರು ಮಳೆ.’

ಇಷ್ಟೇ. ಹಿಂದೆ ನಿಂತು ವಿಡಿಯೋ ಮಾಡುತ್ತಿದ್ದ ಸಮಿತಿಯ ಗುರುಕಿರಣ್ ಮೊದಲ ವಾಕ್ಯವನ್ನು ಮಾತ್ರ ಕತ್ತರಿಸಿ, ‘ಕನ್ನಡ ಶಾಲೆಯಲ್ಲಿ ಮಕ್ಕಳ ತಲೆಗೆ ಏನು ತುಂಬುತ್ತಿದ್ದಾರೆ ನೋಡಿ’ ಎಂದು ಗುಂಪಿಗೆ ಹಾಕಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಸಂಜೆಯೊಳಗೆ ನಲವತ್ತು ಮನೆಗೆ ದಾಟಿಸಿದರು. ನಮ್ಮ ಕಡೆಯವರು ಹಿಂದೆ ಬಿದ್ದಾರೆಯೇ? ನನ್ನ ಮಗ ಫರಾಜ್ ತನ್ನ ಗೆಳೆಯ ಒವೈಸ್‌ಗೆ ಪೂರ್ತಿ ವಿಡಿಯೋ ತೋರಿಸಿದರೆ, ಅವನಿಗೆ ಎರಡನೇ ವಾಕ್ಯ ಮಾತ್ರ ಕೇಳಿಸಿತು. ಮಗುವಿನ ಬಾಯಿಗೆ ಇಸ್ರೇಲಿನವರ ಮಾತನ್ನು ತುರುಕಿದ್ದೀರಿ ಎಂದು ನನ್ನ ಮನೆಯ ಸೋಫಾದ ಮೇಲೆ ಕೂತು, ನನ್ನ ಚಹಾ ಕುಡಿಯುತ್ತ ನನಗೇ ಪಾಠ ಹೇಳಿದ. ಮೂರನೇ ವಾಕ್ಯವನ್ನು ಎರಡೂ ಕಡೆಯವರು ಕೇಳಿಸಿಕೊಳ್ಳಲಿಲ್ಲ. ಭಾನುವಾರ ಎಲ್ಲರೂ ನೆಂದರು.

ಮೊನ್ನೆ ಭಾನುವಾರದ ಸಮಿತಿ ಸಭೆಯಲ್ಲಿ ನೀವು ನನ್ನ ಪಕ್ಕದಲ್ಲೇ ಕೂತಿದ್ದಿರಿ. “ಇದನ್ನ ನೋಡಿ ಓಕೆ ಮಾಡಿದ್ದು ಯಾರು?” ಎಂದು ನಿಮ್ಮ ಯಜಮಾನರು ಕೇಳಿದರು. ನಿಮ್ಮ ಕೈಯಲ್ಲಿ ಚಕ್ಕುಲಿ ಇತ್ತು. ಗುರುಕಿರಣ್, “ಇನ್ಯಾರು ಸಾರ್, ಅಜ್ಜೀನೇ ಬರೆಸಿರ್ತಾರೆ ಬಿಡಿ” ಎಂದ. ನೀವು ಚಕ್ಕುಲಿ ತಿಂದಿರಿ.

ನಾನು ಹೇಳಬಹುದಿತ್ತು. ನಿಮ್ಮ ಕೆಂಪು ಸಹಿ ಇರುವ ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ಹೇಳಲಿಲ್ಲ. ಅದು ನೀವು ಹೇಳಬೇಕಾದ ಮಾತು, ಈಗಲೂ ನಿಮ್ಮದೇ.

ಬದರುನ್ನಿಸಾ

*

ಸಂಪಿಗೆ ಕನ್ನಡ ಬಳಗ
ಕ್ಯುಪರ್ಟಿನೋ
26 ಫೆಬ್ರವರಿ 2024

ಶ್ರೀಮತಿ ಬದರುನ್ನಿಸಾ ಅವರಿಗೆ,

ವಿಷಯ: ಕನ್ನಡ ಶಾಲೆಯ ‘ವಾರ್ತೆ’ ಚಟುವಟಿಕೆಯನ್ನು ಸ್ಥಗಿತಗೊಳಿಸಿರುವ ಕುರಿತು.

ಮಾನ್ಯರೇ,

ಮಧ್ಯಪ್ರಾಚ್ಯದ ಅತ್ಯಂತ ಸಂಕೀರ್ಣ ವಿದ್ಯಮಾನಗಳ ಬಗ್ಗೆ ಬಳಗವು ತೀವ್ರ ಕಳವಳವನ್ನು ಹೊಂದಿದ್ದು, ಎಲ್ಲ ಬಗೆಯ ಹಿಂಸೆಯನ್ನು ಎಲ್ಲ ಕಡೆಗಳಿಂದಲೂ ಖಂಡಿಸುವುದರೊಂದಿಗೆ, ಈ ಕುರಿತು ಯಾವುದೇ ನಿಲುವನ್ನು ಹೊಂದಿರುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಲು ಇಚ್ಛಿಸುತ್ತದೆ. ಬಳಗವು ಮೊದಲಿನಿಂದಲೂ ರಾಜಕೀಯರಹಿತ ಸಾಂಸ್ಕೃತಿಕ ಸಂಸ್ಥೆಯಾಗಿರುತ್ತದೆ.

ಇನ್ನು ಮುಂದೆ ಮಕ್ಕಳು ಹವಾಮಾನ, ಹಬ್ಬಗಳು ಹಾಗೂ ಕ್ರಿಕೆಟ್ಟಿನ ಬಗ್ಗೆ ಮಾತ್ರ ಮಾತನಾಡತಕ್ಕದ್ದು. ದಿನಾಂಕ 3ರ ಘಟನೆಗೆ ಸಂಬಂಧಿಸಿದಂತೆ ತಾವು ಲಿಖಿತ ವಿಷಾದ ಪತ್ರವನ್ನು ನೀಡಬೇಕಾಗಿಯೂ, ಜೂನ್ 1ರ ವಾರ್ಷಿಕ ಸಭೆಯಲ್ಲಿ ಅದನ್ನು ಪರಿಶೀಲಿಸಿ ತಮ್ಮನ್ನು ಶಾಲೆಯಲ್ಲಿ ಮುಂದುವರಿಸುವ ಬಗ್ಗೆ ತೀರ್ಮಾನಿಸಲಾಗುವುದೆಂದೂ ತಿಳಿಸಲಾಗಿದೆ. ಅಲ್ಲಿಯವರೆಗೆ ತಾವು ವಿಶ್ರಾಂತಿ ಪಡೆಯಬೇಕಾಗಿ ಕೋರಿದೆ.

ತಮ್ಮ ವಿಶ್ವಾಸಿ,
ದ್ವಾರಕಾನಾಥ
ಅಧ್ಯಕ್ಷರು

ಆಪಾ, ಇದೆಲ್ಲ ಫಾರ್ಮಾಲಿಟಿ ಅಷ್ಟೆ, ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಸೊಂಟ ನೋವು ಹೇಗಿದೆ? — ದ್ವಾರ್ಕಿ

*

ನೆವಾರ್ಕ್
4 ಮಾರ್ಚ್ 2024

ಅಧ್ಯಕ್ಷರಾದ ದ್ವಾರಕಾನಾಥರಿಗೆ,

ನಿಮ್ಮ ಪತ್ರವನ್ನು ತಿದ್ದಿ ಇದರೊಂದಿಗೆ ವಾಪಸು ಕಳಿಸಿದ್ದೇನೆ. ಇಪ್ಪತ್ತೈದಕ್ಕೆ ಮೂರು. ಆ ಮೂರೂ ಕೊನೆಯಲ್ಲಿ ಕೈಯಿಂದ ಬರೆದ ಎರಡು ಸಾಲಿಗೆ. ಅಷ್ಟು ಮಾತ್ರ ಮನುಷ್ಯ ಬರೆದದ್ದು, ಮೇಲಿನದ್ದೆಲ್ಲ ಅಧ್ಯಕ್ಷರು ಬರೆದದ್ದು.

‘ಕಳವಳವನ್ನು ಹೊಂದಿದ್ದು’ ಎಂದಿದ್ದೀರಿ. ಕಳವಳ ಕಾರಲ್ಲ, ಹೊಂದುವುದಕ್ಕೆ. ಅದು ಆಗಬೇಕು. ನಿಮಗೆ ಆಯಿತೇ? ಯಾವಾಗ ಆಯಿತು, ಊಟಕ್ಕೆ ಮೊದಲೋ ಆಮೇಲೋ? ಎಲ್ಲವನ್ನೂ ಎಲ್ಲ ಕಡೆಯಿಂದ ಖಂಡಿಸಿ ಯಾವ ಕಡೆಯಲ್ಲೂ ನಿಂತಿಲ್ಲ ಎಂದರೆ ನೀವು ನಿಂತಿರುವುದು ಎಲ್ಲಿ? ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ನೀವು ಕೋಲನ್ನೇ ಹಿಡಿದಿಲ್ಲ, ಹಾವು ಎಲ್ಲಿದೆ ಎಂದೂ ಗೊತ್ತಿಲ್ಲ, ಆದರೂ ಠರಾವು ಪಾಸಾಗಿದೆ.

ಬಳಗಕ್ಕೆ ನಿಲುವೇ ಇಲ್ಲ ಎಂದು ಓದಿ ನಗು ಬಂತು. ಕಾವೇರಿ ನೀರಿನ ಮೇಲೆ ಎರಡು ಪುಟದ ನಿಲುವು ಬರೆದಿರಿ, ನಾನೇ ಕಾಗುಣಿತ ತಿದ್ದಿದೆ. ಆಹ್ವಾನಪತ್ರಿಕೆಯಲ್ಲಿ ‘ಹೋಳಿಗೆ’ ಇರಬೇಕೋ ‘ಒಬ್ಬಟ್ಟು’ ಇರಬೇಕೋ ಎಂದು ಮೂರು ತಾಸು ಚರ್ಚೆ ಮಾಡಿ, ಇಬ್ಬರು ರಾಜೀನಾಮೆ ಕೊಟ್ಟರು.

ಹವಾಮಾನ ಓದಬಹುದು ಎಂದಿದ್ದೀರಿ. ಅಲ್ಫಿಯಾ ಓದಿದ್ದಳು.

ವಿಷಾದ ಪತ್ರ ಬರೆಯುವುದಿಲ್ಲ. ಆ ವಾರ್ತೆಯನ್ನು ನೋಡಿ ಒಪ್ಪಿದವರು ಯಾರು ಎಂದು ನಿಮ್ಮ ಮನೆಯ ಊಟದ ಮೇಜಿನ ಮೇಲೆ ಒಮ್ಮೆ ಕೇಳಿ ನೋಡಿ. ಸೊಂಟ ನೋವು ಹಾಗೆಯೇ ಇದೆ.

ಬದರುನ್ನಿಸಾ

*

ಕ್ಯುಪರ್ಟಿನೋ
6 ಏಪ್ರಿಲ್ 2024

ಪ್ರೀತಿಯ ಆಪಾ,

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆಯಲು ತಡವಾಯಿತು. ಕ್ಲಿನಿಕ್ಕಿನಲ್ಲಿ ಇಬ್ಬರು ರಜೆ ಹಾಕಿದ್ದರು, ಇಡೀ ತಿಂಗಳು ಬೇರೆಯವರ ಹಲ್ಲು ನೋಡುವುದರಲ್ಲೇ ಹೋಯಿತು.

ಈ ಸಲ ಯುಗಾದಿ ಮಂಗಳವಾರ, ನಿಮ್ಮ ಹಬ್ಬ ಬುಧವಾರ ಎಂದು ಕೇಳಿದೆ. ಒಂದರ ಬೆನ್ನಿಗೆ ಒಂದು. ಪ್ರತಿ ವರ್ಷದ ಹಾಗೆ ನಿಮಗೆ ಹೋಳಿಗೆ ತಂದುಕೊಡಬೇಕು, ನಿಮ್ಮ ಮನೆಯ ಶೀರ್ ಖುರ್ಮಾ ಕುಡಿಯಬೇಕು ಎಂದು ಆಸೆ. ಇವರು ಬಿ.ಪಿ. ಹೆಚ್ಚಾಗಿದೆ, ಈಗ ಎಲ್ಲಿಗೂ ಬೇಡ ಎನ್ನುತ್ತಿದ್ದಾರೆ. ನಿಮ್ಮ ಕಾಗದ ಓದಿ ಊಟದ ಮೇಜಿನ ಮೇಲೆ ಕೇಳಿದರು. ನಾನು ಸಾರು ಬಡಿಸುತ್ತಿದ್ದೆ. ಆಮೇಲೆ ಮಾತಾಡೋಣ ಎಂದೆ. ಅವರೂ ಮತ್ತೆ ಕೇಳಲಿಲ್ಲ.

ಆಪಾ, ಸಮಯ ಸರಿಯಿಲ್ಲ. ಎಲ್ಲರೂ ಕಾದ ಎಣ್ಣೆಯ ಹಾಗಿದ್ದಾರೆ. ಸ್ವಲ್ಪ ತಣ್ಣಗಾದ ಮೇಲೆ ಎಲ್ಲ ಸರಿಹೋಗುತ್ತದೆ. ಒಂದು ಸಣ್ಣ ವಿಷಾದ ಪತ್ರ ಕೊಟ್ಟರೆ ನಿಮ್ಮ ಘನತೆಗೇನೂ ಕುಂದು ಬರುವುದಿಲ್ಲ ಎಂದು ನನ್ನ ಅನಿಸಿಕೆ.

ಅಲ್ಫಿಯಾಗೆ ನನ್ನ ಮುದ್ದು. ಆ ನೋಟ್‌ಬುಕ್ ಈಗಲೂ ನಿಮ್ಮ ಹತ್ತಿರವೇ ಇದೆಯೇ? ಸುಮ್ಮನೆ ಕೇಳಿದೆ.

ನಿಮ್ಮ,
ಇಂದು

*

ನೆವಾರ್ಕ್
15 ಏಪ್ರಿಲ್ 2024

ಶ್ರೀಮತಿ ಇಂದು ಅವರಿಗೆ,

ಸುಮ್ಮನೆ ಕೇಳಿದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಮೂರು ಸೆಂಟ್ಸ್ ಕಡಿಮೆ ಸ್ಟಾಂಪ್ ಹಚ್ಚಿದ ಕವರಿನಲ್ಲಿ ಹೆಗಲು ಮುಟ್ಟಿಕೊಂಡಿದ್ದೀರಿ.

ಬರೀ ನಿಮ್ಮವರನ್ನೇ ಬಯ್ಯುತ್ತೇನೆ ಎಂದುಕೊಳ್ಳಬೇಡಿ. ಎಲ್ಲರ ಮನೆಯ ದೋಸೆಯೂ ತೂತೇ, ನಮ್ಮ ಮನೆಯ ಕಾವಲಿಯೇ ತೂತು. ಹಬ್ಬದ ಹಿಂದಿನ ವಾರ ಫರಾಜ್ ನನ್ನನ್ನೂ ಅಲ್ಫಿಯಾಳನ್ನೂ ಪಕ್ಕದೂರಿನ ಕೌನ್ಸಿಲ್ ಸಭೆಗೆ ಕರೆದುಕೊಂಡು ಹೋದ. ಕದನವಿರಾಮ ಆಗಬೇಕೆಂದು ಆ ಊರಿನವರು ಠರಾವು ಮಾಡುತ್ತಾರಂತೆ. ಅವರ ಅಧಿಕಾರ ನಡೆಯುವುದು ಕಸದ ಡಬ್ಬಿ, ಪಾರ್ಕಿಂಗು ಮತ್ತು ಮರ ಕಡಿಯುವ ಪರವಾನಗಿಯವರೆಗೆ. ಆದರೆ ಅಲ್ಲಿ ಸೇರಿದ ಜನರ ಆವೇಶ ನೋಡಿದರೆ ಎರಡೂ ಸೈನ್ಯಗಳು ಇವರ ಠರಾವಿಗೇ ಕಾದು ಕೂತಂತಿತ್ತು. ಒಬ್ಬೊಬ್ಬರಿಗೆ ಒಂದು ನಿಮಿಷ. ಒಂದು ಗುಂಪು ನದಿಯಿಂದ ಸಮುದ್ರದವರೆಗಿನ ಆ ನೆಲವೆಲ್ಲ ತಮ್ಮದೆಂದು ಕೂಗಿತು. ಇನ್ನೊಂದು ಗುಂಪು ಅದೇ ನದಿ, ಅದೇ ಸಮುದ್ರ ತಮಗೆ ದೇವರೇ ಬರೆದುಕೊಟ್ಟದ್ದೆಂದು ಕೂಗಿತು. ಇಬ್ಬರ ಮಾತಿನಲ್ಲೂ ನಡುವೆ ಬದುಕುವ ಜನರಿಗೆ ಜಾಗ ಇರಲಿಲ್ಲ. ಒವೈಸ್ ಹೊರಗೆ ಧ್ವನಿವರ್ಧಕ ಹಿಡಿದು, ಯಾವ ಕಾಫಿ ಕುಡಿದರೆ ಹತ್ಯೆಯಲ್ಲಿ ಪಾಲು ಬರುತ್ತದೆ ಎಂದು ಪಟ್ಟಿ ಓದುತ್ತಿದ್ದ. ಅವನ ಕೈಯಲ್ಲಿದ್ದ ಫೋನ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಆ ಇಡೀ ಸಭೆಯಲ್ಲಿ ನಿಜವಾಗಿ ಮನೆಯವರನ್ನು ಕಳೆದುಕೊಂಡವರು ಇಬ್ಬರೇ. ಒಬ್ಬಳು ಅಕ್ಟೋಬರ್ ಏಳರ ದಾಳಿಯಲ್ಲಿ ಅಕ್ಕನ ಮಗನನ್ನು ಕಳೆದುಕೊಂಡ ಯಹೂದಿ ಹೆಂಗಸು. ಇನ್ನೊಬ್ಬ, ಗಾಜಾದ ಖಾನ್ ಯೂನಿಸ್‌ನಲ್ಲಿ ತಮ್ಮನ ಸಂಸಾರವನ್ನೇ ಕಳೆದುಕೊಂಡ ಮುದುಕ. ಇಬ್ಬರೂ ಕೂಗಲಿಲ್ಲ. ಇಬ್ಬರಿಗೂ ಹೆಸರುಗಳನ್ನು ಹೇಳಿ ಮುಗಿಸುವ ಮೊದಲೇ ಗಂಟೆ ಬಾರಿಸಿ ಮೈಕ್ ಬಂದ್ ಮಾಡಿದರು. ಆಕೆ ಎತ್ತಿ ಹಿಡಿದಿದ್ದ ಹುಡುಗನ ಫೋಟೋ ನೋಡಿ ನಮ್ಮ ಕಡೆಯ ಹುಡುಗರು ಗುಸುಗುಸು ನಕ್ಕರು. ಮುದುಕ ಅತ್ತಾಗ ಆ ಕಡೆಯವರು ಫೋನ್ ನೋಡಿದರು.

ನನ್ನ ಸರದಿಯೂ ಬಂತು. ನನ್ನ ಮರ್ಯಾದೆಯನ್ನೂ ಕಳೆದುಬಿಡುತ್ತೇನೆ, ಕೇಳಿ. ಮೂವತ್ತು ವರ್ಷ ಪಾಠ ಹೇಳಿದವಳು ಇಂಗ್ಲಿಷಿನಲ್ಲಿ ‘ಹ್ಯುಮ್ಯಾನಿಟಿ’ ಎಂದು ಮೂರು ಸಲ ಅಂದೆ, ‘ಇತಿಹಾಸ ನಮ್ಮನ್ನು ಕ್ಷಮಿಸುವುದಿಲ್ಲ’ ಎಂದೆ. ಭಾರಿ ಚಪ್ಪಾಳೆ ಬಿತ್ತು, ನನಗೆ ಸಂತೋಷವೂ ಆಯಿತು. ಅಲ್ಫಿಯಾ ಚಪ್ಪಾಳೆ ತಟ್ಟಲಿಲ್ಲ. ವಾಪಸು ಬರುವಾಗ ಫ್ರೀವೇಯಲ್ಲಿ, “ದಾದಿ, ಯು ಡಿಡ್‌ನ್ಟ್ ಸೇ ಎನಿ ನ್ಯೂಸ್” ಎಂದಳು.

ಈಗ ನಿಮಗೆ ಹೇಳಬೇಕಾದದ್ದು. ಫೆಬ್ರವರಿಯಿಂದ ಆ ಹುಡುಗಿ ನನ್ನೊಡನೆ ಒಂದೂ ಕನ್ನಡ ಮಾತು ಆಡಿಲ್ಲ. ಬೈದು ನೋಡಿದೆ, ರಮಿಸಿ ನೋಡಿದೆ. ಮೊನ್ನೆ ಹಬ್ಬದ ದಿನ, “ಯಾಕವಾ, ನನ್ನ ಮ್ಯಾಲೆ ಸಿಟ್ಟೇನು?” ಎಂದು ಕೇಳಿದೆ. ಅವಳು ಹೇಳಿದ್ದಿಷ್ಟು: “ಇಂದು ಮಿಸ್ ಪುಟ್ ಎ ಟಿಕ್. ಸೋ ಇಟ್ ವಾಸ್ ಕರೆಕ್ಟ್. ದೆನ್ ವೈ ಈಸ್ ಎವ್ರಿಬಡಿ ಆಂಗ್ರಿ?” ಇಂದು ಅವರೇ, ನಾನು ಶಾಲೆಗೆ ಬರುತ್ತೇನೋ ಬಿಡುತ್ತೇನೋ ಅದು ಹಾಳಾಗಲಿ. ಸರಿಯಾಗಿ ಬರೆದರೂ ತಪ್ಪೇ ಎಂದು ಈ ಮಗು ಕಲಿತುಬಿಟ್ಟಿದೆ, ಕಲಿಸಿದವರು ನಾವು.

ನೋಟ್‌ಬುಕ್ಕಿನಿಂದ ಆ ಹಾಳೆಯನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನಕಲು ಮಾಡಿಕೊಂಡಿಲ್ಲ, ಫೋಟೋ ತೆಗೆದುಕೊಂಡಿಲ್ಲ. ಟಿಕ್ಕು, ಸಹಿ, ತಾರೀಖು ಎಲ್ಲ ನಿಮ್ಮವೇ. ಹರಿದು ಒಲೆಗೆ ಹಾಕಬಹುದು, ನಾನು ಕೇಳುವುದಿಲ್ಲ. ಜೂನ್ ಒಂದಕ್ಕೆ ಸಭೆಗೆ ತರಲೂಬಹುದು. ನಾನು ಆ ಸಭೆಗೆ ಬರುವುದಿಲ್ಲ.

ಹೋಳಿಗೆ ಬೇಡ.

ಬದರುನ್ನಿಸಾ

*

ಕ್ಯುಪರ್ಟಿನೋ
3 ಜೂನ್ 2024

ಆಪಾ,

ಹೇಳಿದೆ. ಆದರೆ ಪೂರ್ತಿ ಓದಿದ ಮೇಲೆ ನನ್ನನ್ನು ಮೆಚ್ಚಬೇಕೋ ಬೇಡವೋ ನೋಡಿ.

ನಿಮ್ಮ ಹಾಳೆಯನ್ನು ಒಂದೂವರೆ ತಿಂಗಳು ಕ್ಲಿನಿಕ್ಕಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ದಿನಾ ಬೆಳಿಗ್ಗೆ ಕೈಗವಸು ತೆಗೆಯಲು ಡ್ರಾಯರ್ ಎಳೆದರೆ ನನ್ನ ಸಹಿ ಕಾಣುತ್ತಿತ್ತು. ನಿಮಗೆ ಗೊತ್ತಿಲ್ಲದ್ದೊಂದು ಇದೆ. ಆ ದಿನ ಅಲ್ಫಿಯಾ ನನ್ನ ಹತ್ತಿರ ನೋಟ್‌ಬುಕ್ ತಂದಾಗ ‘ಮಿಸ್, ಈಸ್ ದಿಸ್ ನ್ಯೂಸ್?’ ಎಂದು ಕೇಳಿದಳು. ನಾನು, “ಹೌದು ಮರಿ, ಇದೇ ನ್ಯೂಸು. ಜೋರಾಗಿ ಓದು” ಎಂದೆ. ಯೋಚನೆ ಮಾಡದೆ ಹೇಳಿದ ಮಾತಲ್ಲ. ಎರಡು ಸಲ ಓದಿ, ಆಮೇಲೆ ಹೇಳಿದ್ದು.

ಹಾಗಿದ್ದೂ ಸಮಿತಿಯಲ್ಲಿ ಯಾಕೆ ಸುಮ್ಮನಿದ್ದೆ? ಹೆದರಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೆದರಿಕೆಯಾದರೂ ಆಗಿದ್ದರೆ ವಾಸಿಯಿತ್ತು. ನಿಜ ಹೇಳುತ್ತೇನೆ. ಗುರುಕಿರಣ್ ‘ಅಜ್ಜೀನೇ ಬರೆಸಿರ್ತಾರೆ’ ಎಂದಾಗ ಒಬ್ಬರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನಿಮ್ಮ ಹೆಸರಿನ ಮೇಲೆ ಅದು ಅಷ್ಟು ಸಲೀಸಾಗಿ ಹೋಗಿ ಕೂತಿತು. ನಾನು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಅದು ಎಷ್ಟು ಸುಲಭವಾಗಿತ್ತು ಎಂದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಶನಿವಾರ ಹಾಲ್ ತುಂಬಿತ್ತು. ಬಿಸಿಬೇಳೆ ಬಾತ್ ಆದ ಮೇಲೆ ನಿಮ್ಮ ವಿಷಯ ಬಂತು. ನಾನು ಎದ್ದು ನಿಂತು, “ಆ ವಾರ್ತೆ ನೋಡಿ ಸಹಿ ಹಾಕಿದ್ದು ನಾನು. ಓದು ಅಂತ ಹೇಳಿದ್ದೂ ನಾನೇ. ಆಪಾಗೆ ಗೊತ್ತೇ ಇರ್ಲಿಲ್ಲ” ಎಂದೆ. ಗದ್ದಲ ಆಗುತ್ತದೆ, ಬೈಯುತ್ತಾರೆ ಎಂದುಕೊಂಡಿದ್ದೆ.

ಗುರುಕಿರಣ್ ಎದ್ದು, “ನೋಡಿ, ಫ್ರೆಂಡ್‌ನ ಉಳಿಸೋಕೆ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ. ಇದು ನಮ್ಮ ಸಂಸ್ಕೃತಿ” ಎಂದ. ಚಪ್ಪಾಳೆ ಶುರುವಾಯಿತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಇವರು ಮೈಕ್ ತೆಗೆದುಕೊಂಡು, ಇಂದು ಅವರ ದೊಡ್ಡ ಮನಸ್ಸನ್ನು ಬಳಗ ಸ್ಮರಿಸುತ್ತದೆ, ಈ ಅಧ್ಯಾಯವನ್ನು ಇಲ್ಲಿಗೆ ಮುಗಿಸಿ ಬದರುನ್ನಿಸಾ ಅವರನ್ನು ಕ್ಷಮಿಸೋಣ ಎಂದರು. ಅದೂ ಪಾಸಾಯಿತು. ನಡಾವಳಿಯಲ್ಲಿ ಹಾಗೆಯೇ ಬರೆದಿದ್ದಾರೆ. ನೀವು ಆಗಸ್ಟಿನಿಂದ ಬರಬಹುದಂತೆ, ವಾರ್ತೆ ಇಲ್ಲದೆ.

ಆಪಾ, ಹಾಳೆ ನನ್ನ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ತೋರಿಸಿದ್ದರೆ ಅವರ ಬಾಯಿ ಮುಚ್ಚುತ್ತಿತ್ತು. ಜಿಪ್ಪಿಗೆ ಕೈಯನ್ನೂ ಹಾಕಿದೆ. ಚಪ್ಪಾಳೆ ಬೀಳುತ್ತಿತ್ತು. ನಾನು ಕೂತುಬಿಟ್ಟೆ.

ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಇಂದು

*

ನೆವಾರ್ಕ್
10 ಜೂನ್ 2024

ಇಂದು,

ನನ್ನನ್ನು ಕ್ಷಮಿಸಿದ್ದಾರಂತೆ! ಮಾಡದ ತಪ್ಪಿಗೆ ಕ್ಷಮೆ, ಹೇಳಿದ ಸತ್ಯಕ್ಕೆ ಸನ್ಮಾನ. ನಿನ್ನ ಗಂಡನ ಬಳಗವನ್ನು ಮೂರ್ಖರ ಸಂತೆ ಎಂದುಕೊಂಡಿದ್ದೆ, ತಪ್ಪಾಯಿತು. ಸತ್ಯವನ್ನು ಸುಳ್ಳೆನ್ನದೆ, ಚಪ್ಪಾಳೆ ತಟ್ಟಿ ಕೂರಿಸಿಬಿಟ್ಟರಲ್ಲ. ಅದಕ್ಕೆ ಬುದ್ಧಿ ಬೇಕು. ಗಾಜಾ-ಇಸ್ರೇಲಿನ ಜಗಳದಲ್ಲಿ ದೊಡ್ಡ ದೊಡ್ಡ ವೇದಿಕೆಗಳ ಮೇಲೆ ಮಾತಾಡುವವರೂ ಇದನ್ನೇ ಮಾಡುವುದು. ಇವರದು ಬಿಸಿಬೇಳೆ ಬಾತಿನ ನಂತರ, ಅಷ್ಟೇ ವ್ಯತ್ಯಾಸ.

ನಾನು ಆಗಸ್ಟಿನಲ್ಲಿ ಬರುವುದಿಲ್ಲ ಎಂದು ಅಧ್ಯಕ್ಷರಿಗೆ ಹೇಳು. ಹವಾಮಾನ, ಕ್ರಿಕೆಟ್ ಕಲಿಸಲು ಅವರಿಗೆ ಟೀಚರ್ ಬೇಕಿಲ್ಲ.

ನಿನಗೆ ಬೈಯಬೇಕೆಂದು ಎರಡು ಸಲ ಪೆನ್ನು ಹಿಡಿದೆ. ಚಪ್ಪಾಳೆ ಬಿದ್ದಾಗ ಹೇಗಿರುತ್ತದೆ ಎಂದು ನನಗೂ ಗೊತ್ತಿದೆಯಲ್ಲ, ಅದಕ್ಕೇ ಎರಡು ಸಲವೂ ಕೆಳಗಿಟ್ಟೆ. ನನ್ನ ಹೆಸರಿನ ಮೇಲೆ ಸಲೀಸಾಗಿ ಕೂತಿತು ಎಂದು ಬರೆದೆ ನೋಡು, ಆ ಒಂದು ಸಾಲಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಓದಿ ಅತ್ತೆ. ಹನ್ನೊಂದು ವರ್ಷದಲ್ಲಿ ನೀವ್ಯಾರೂ ನನಗೆ ಹೇಳದೆ ಇದ್ದದ್ದು ಅದೊಂದೇ.

ನಿನ್ನ ಕಾಗದವನ್ನು ಅಲ್ಫಿಯಾಗೆ ಗಟ್ಟಿಯಾಗಿ ಓದಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಮಗುವಿಗೆ ಅರ್ಥವಾಗುವುದಿಲ್ಲ ಎಂದು ಫರಾಜ್ ತಡೆಯಲು ಬಂದ. ಹೊರಗೆ ಹೋಗು ಎಂದೆ. ಪೂರ್ತಿ ಕೇಳಿಸಿಕೊಂಡಳು. “ಜೋರಾಗಿ ಓದು ಅಂತ ಹೇಳಿದ್ರು” ಎಂದಳು. ಕನ್ನಡದಲ್ಲಿ, ಇಂದು. ನಾಲ್ಕು ತಿಂಗಳಾದ ಮೇಲೆ. ಎದ್ದು ಹೋಗಿ ನೋಟ್‌ಬುಕ್ ತಂದು ಊಟದ ಹೊತ್ತಿನವರೆಗೆ ಕೂತು ಏನೋ ಬರೆದಳು.

ತಿದ್ದಿಕೊಡಲೇ ಎಂದು ಕೇಳಿದೆ. ಬೇಡವಂತೆ. “ನೀವು ಅಲ್ಲ ದಾದಿ. ಅದು ಇಂದು ಮಿಸ್ ಕೆಲಸ” ಎಂದಳು. ಹಾಗಾಗಿ ಹಾಳೆಯನ್ನು ಕಳಿಸುತ್ತಿದ್ದೇನೆ. ವಾಪಸು ಕಳಿಸಲು ಸ್ಟಾಂಪ್ ಹಚ್ಚಿದ ಕವರೂ ಒಳಗಿದೆ. ಇಲ್ಲಿ ನಕಲು ಮಾಡಿದ್ದೇನೆ, ಈ ಸಲ ನಕಲು ಇಟ್ಟುಕೊಳ್ಳುತ್ತೇನೆ:

‘ವಾರ್ತೆಗಳು. ಓದುತ್ತಿರುವವರು ಅಲ್ಫಿಯಾ. ಗಾಜಾದಲ್ಲಿ ಮಕ್ಕಳಿಗೆ ಇನ್ನೂ ಮನೆ ಇಲ್ಲ. ಇಸ್ರೇಲಿನಲ್ಲಿ ಕೆಲವು ಅಮ್ಮಂದಿರು ಇನ್ನೂ ಕಾಯುತ್ತಿದ್ದಾರೆ. ನಮ್ಮ ಕನ್ನಡ ಶಾಲೆಯಲ್ಲಿ ಒಬ್ಬರು ಮಿಸ್ ನಿಜ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಮಿಸ್ ಕೂತುಕೊಂಡರು. ನಾಳೆ ಬಿಸಿಲು.’

ಮುಂದಿನ ಶನಿವಾರ ನಮ್ಮ ಅಡುಗೆಮನೆಯಲ್ಲಿ ಓದುತ್ತಾಳಂತೆ. ಕೇಳುವವಳು ನಾನೊಬ್ಬಳೇ. ಮೂರು ಸುದ್ದಿಯ ಬದಲು ನಾಲ್ಕು ಬರೆದಿದ್ದಾಳೆ, ಇರಲಿ ಬಿಡು. ಮೂರನೆಯದನ್ನು ನಿಧಾನವಾಗಿ ಓದು. ಸರಿಯಿದೆ ಎನಿಸಿದರೆ ಟಿಕ್ ಹಾಕಿ ಸಹಿ ಮಾಡಿ ಕಳಿಸು.

ಸಹಿ ಇಲ್ಲದೆ ವಾರ್ತೆ ಓದುವ ಪದ್ಧತಿ ನಮ್ಮಲ್ಲಿ ಇಲ್ಲ, ನಿನಗೆ ಗೊತ್ತಲ್ಲ.

ನಿನ್ನ,
ಬದ್ರು ಆಪಾ